ಐದು ಚುಕ್ಕಿಗೇ ತಪ್ಪಿದ ಎಳೆ

"ಅರವತ್ತಕ್ಕೆ ಅರಳು ಮರಳು ಅಂತಾರೆ. ಅಮ್ಮನಿಗೆ ಎಪ್ಪತ್ತೊಂದು, ಇನ್ನೇನು ಮೇಡಂ" ಎಂದರು ಮಗ. ಈ ಮಾತನ್ನು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಆ ಅಮ್ಮ ನಿವೃತ್ತ ಟೀಚರ್. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಅಕ್ಕ ತೀರಿಕೊಂಡ ಮೇಲೆ ಖಿನ್ನತೆ. ಮನೋವೈದ್ಯರು ಎಸಿಟಲೋಪ್ರಾಮ್ ಅನ್ನೋ ಖಿನ್ನತೆಯ ಮಾತ್ರೆ ಶುರು ಮಾಡಿ, ಆಪ್ತ ಸಲಹೆಗೆ ಅಂತ ನನ್ನ ಹತ್ತಿರವೂ ಕಳಿಸಿದ್ದರು. ಎರಡನೇ ಭೇಟಿಯಲ್ಲಿ ತೂಕಡಿಸುತ್ತಿದ್ದರು. ಕೇಳಿದ್ದಕ್ಕೆ ತಡವಾಗಿ ಉತ್ತರ. ಖಿನ್ನತೆಯಲ್ಲಿ ಯೋಚನೆ ನಿಧಾನ ಆಗುತ್ತೆ ಅಲ್ವಾ, ಅದೇ ಇರಬೇಕು ಅಂದುಕೊಂಡು ಸುಮ್ನಾದೆ. ಆ ತಪ್ಪು ನನ್ನದು.

ಮೂರನೇ ಸಲ ಸೊಸೆಯೂ ಬಂದಿದ್ದರು. ಗಂಡ ಮಾತು ಮುಗಿಸಿದ ಮೇಲೆ ಮೆಲ್ಲಗೆ ಹೇಳಿದರು: "ಹೋದ ತಿಂಗಳು ಅಳ್ತಾ ಅಳ್ತಾನೇ ಹದಿನೈದು ಚುಕ್ಕಿ ರಂಗೋಲಿ ಹಾಕ್ತಿದ್ರು. ನಿನ್ನೆ ಐದು ಚುಕ್ಕಿಗೇ ಎಳೆ ತಪ್ಪಿತು. ರಂಗೋಲಿ ಪುಡಿ ಹಿಡ್ಕೊಂಡು ಹಾಗೇ ಕೂತಿದ್ರು."

ಮರೆವಿನ ಕಾಯಿಲೆ ಸಾಮಾನ್ಯವಾಗಿ ಒಂದೇ ತಿಂಗಳಲ್ಲಿ ಹತ್ತು ಚುಕ್ಕಿ ನುಂಗುವುದಿಲ್ಲ. ಅದಕ್ಕೆ ವರ್ಷಗಳೇ ಬೇಕು. ಮಾತ್ರೆ ಡಬ್ಬಿ ತೆಗೆಸಿದೆ. ಎಸಿಟಲೋಪ್ರಾಮ್ ಶುರುವಾಗಿ ಮೂರು ವಾರ. ಪಕ್ಕದಲ್ಲೇ ಹಳೇ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಇರುವಂಥದ್ದು.

ಎಸಿಟಲೋಪ್ರಾಮ್ ಥರದ ಮಾತ್ರೆಗಳಿಂದ ಕೆಲವು ವಯಸ್ಸಾದವರ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಮೊದಲ ಕೆಲವು ವಾರಗಳಲ್ಲೇ ಇದು ಜಾಸ್ತಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಆಗ ಮಂಕು, ತೂಕಡಿಕೆ, ನಡೆಯುವಾಗ ತೂರಾಟ.

"ಹಾಗಾದ್ರೆ ಇವತ್ತೇ ನಿಲ್ಲಿಸ್ತೀವಿ" ಎಂದರು ಮಗ. ಬೇಡ ಎಂದೆ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ, ಸೋಡಿಯಂ ಟೆಸ್ಟ್ ಕೇಳಿ, ಯಾವುದು ಬಿಡಬೇಕು ಅಂತ ಅವರೇ ಹೇಳಲಿ. ಮನೆಯಲ್ಲಿ ಉಪ್ಪುನೀರು ಕುಡಿಸೋಕೆ ಹೋಗಬೇಡಿ. ಖಿನ್ನತೆಗೆ ಮದ್ದು ಇವರಿಗೆ ಬೇಕೇ ಬೇಕು, ಬಹುಶಃ ಬೇರೆಯದು.

ಸಲಹೆಗಾರರು ಮಾತ್ರೆ ವಿಷಯಕ್ಕೆ ಹೋಗಬಾರದು ಅಂತ ಸಹೋದ್ಯೋಗಿಯೊಬ್ಬರು ಆಮೇಲೆ ಗದರಿದರು. ನಾನೇನು ಮಾತ್ರೆ ಬದಲಿಸಿದೆನಾ? ಡಬ್ಬಿ ನೋಡಿ, ಡಾಕ್ಟರ್ ಹತ್ತಿರ ಓಡಿಸಿದೆ. ನನ್ನೆದುರು ಅವರು ಮುಕ್ಕಾಲು ಗಂಟೆ ಕೂರುತ್ತಾರೆ. ಅಷ್ಟೂ ಹೊತ್ತು ನೋಡಿ ಬಾಯಿ ಮುಚ್ಚಿಕೊಂಡಿರುವುದಾದರೆ ನಾನು ಯಾಕಿರಬೇಕು?

ಸೋಡಿಯಂ 122 ಇತ್ತು. 135ರ ಮೇಲಿರಬೇಕಾದದ್ದು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಎರಡೂ ಮಾತ್ರೆ ಬದಲಾದವು, ಖಿನ್ನತೆಗೆ ಮಿರ್ಟಜಪೈನ್ ಬಂತು.

ಈಗ ಮತ್ತೆ ಹದಿನೈದು ಚುಕ್ಕಿ. ಅದರ ಮೇಲೆ ಮೊಮ್ಮಗ ಸೈಕಲ್ ಹತ್ತಿಸಿದ ಅಂತ ಮೊನ್ನೆ ನನ್ನೆದುರು ಹತ್ತು ನಿಮಿಷ ಬೈದರು.