ಫೋನಿನ ಕಾಲ್ ಲಿಸ್ಟ್ ತೆಗೆದು ನೋಡಿ

ಪ್ರಶ್ನೆ: ಮೇಡಂ, ನನಗೆ 48 ವರ್ಷ. ಊರು ಬ್ರಹ್ಮಾವರ. ಬ್ಯಾಂಕಿನಲ್ಲಿ 23 ವರ್ಷ ದುಡಿದು ಕಳೆದ ವರ್ಷ ಸ್ವಯಂ ನಿವೃತ್ತಿ ತಗೊಂಡೆ. ಆಮೇಲೆ ಆನ್‌ಲೈನಿನಲ್ಲಿ 60 ಗಂಟೆಯ ಕೋಚ್ ತರಬೇತಿ ಮುಗಿಸಿದೆ. ‘ಲೈಫ್ ಕೋಚ್’ ಅಂತ ಕಾರ್ಡ್ ಮಾಡಿಸಿ ಐದು ತಿಂಗಳಾಯಿತು. ಬಂದವರು ಮೂವರೇ: ಚಿಕ್ಕಪ್ಪನ ಮಗ, ಪಕ್ಕದ ಮನೆ ಹುಡುಗ, ಹೆಂಡತಿಯ ಗೆಳತಿ. ಯಾರೂ ದುಡ್ಡು ಕೊಟ್ಟಿಲ್ಲ, ನಾನೂ ಕೇಳಿಲ್ಲ. ‘ನಿಮ್ಮ ನಿಶ್ ಹುಡುಕಿ, ಒಂದು ಬಗೆಯ ಜನ, ಒಂದು ಬಗೆಯ ಸಮಸ್ಯೆ ಆರಿಸಿಕೊಳ್ಳಿ’ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಒತ್ತಡ, ಹಣ, ಸಂಬಂಧ, ಸಮಯ ಎಲ್ಲ ಬರೆದು ನೋಡಿದೆ. ಯಾವುದೂ ನನ್ನದು ಅನಿಸಲಿಲ್ಲ. ಒಂದನ್ನೇ ಹಿಡಿದರೆ ಉಳಿದವರು ಕೈತಪ್ಪುತ್ತಾರೆ ಅನ್ನುವ ಹೆದರಿಕೆ ಬೇರೆ, ನಮ್ಮದು ಸಣ್ಣ ಊರು. ಹಳೇ ಸಹೋದ್ಯೋಗಿಗಳು ಮಾತ್ರ ಪ್ರಮೋಶನ್, ಟ್ರಾನ್ಸ್‌ಫರ್ ಅಂತ ಈಗಲೂ ಫೋನ್ ಮಾಡಿ ಗಂಟೆಗಟ್ಟಲೆ ತಲೆ ತಿನ್ನುತ್ತಾರೆ. ಅರ್ಧ ದಿನ ಅದರಲ್ಲೇ ಹೋಗುತ್ತದೆ. ಏನು ಮಾಡಲಿ?
– ಓದುಗ, ಬ್ರಹ್ಮಾವರ

ಉತ್ತರ: ಸಾರ್, ನಾನೂ ಹೀಗೇ ಕಾರ್ಡ್ ಮಾಡಿಸಿದವಳು. ಹನ್ನೊಂದು ವರ್ಷದ ಹಿಂದೆ, ಮಂಗಳೂರಿನ ಹಂಪನಕಟ್ಟೆಯ ಒಂದು ಪ್ರೆಸ್ಸಿನಲ್ಲಿ, ಐನೂರು ಕಾರ್ಡ್. ಹೆಸರಿನ ಕೆಳಗೆ ಆರು ಸಾಲು. ಕೆರಿಯರ್, ಆತ್ಮವಿಶ್ವಾಸ, ದಾಂಪತ್ಯ, ಮಕ್ಕಳ ಓದು, ಇನ್ನೂ ಏನೇನೋ. ಕದ್ರಿಯ ನಮ್ಮ ಮೆಡಿಕಲ್ ಶಾಪಿನವರಿಗೆ ಒಂದು ಕೊಟ್ಟೆ. ಅವರು ಕನ್ನಡಕ ಏರಿಸಿ ಆರೂ ಸಾಲು ಓದಿದರು. “ಇಷ್ಟಕ್ಕೂ ಒಂದೇ ಮದ್ದಾ ಮೇಡಂ?” ಅಂದರು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಉಳಿದ ಕಾರ್ಡುಗಳ ಹಿಂದೆ ಎರಡು ವರ್ಷ ಹಾಲಿನ ಲೆಕ್ಕ ಬರೆದೆ.

ನನ್ನ ದಾರಿ ತೋರಿಸಿದ್ದು ಮಗಳು. ಅದಕ್ಕೂ ಮೊದಲು ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಎಚ್‌ಆರ್ ಕೆಲಸ ಮಾಡುತ್ತಿದ್ದೆನಲ್ಲ, ಆ ಪರಿಚಯದ ಹೆಂಗಸರು ಆಗಾಗ ಫೋನ್ ಮಾಡುತ್ತಿದ್ದರು. ಒಂದು ದಿನ ಮಗಳು ಊಟ ಮಾಡುತ್ತಾ, “ಅಮ್ಮ, ನಿನಗೆ ಫೋನ್ ಮಾಡುವವರೆಲ್ಲ ಒಂದೇ ಪ್ರಶ್ನೆ ಕೇಳುವುದಲ್ವಾ?” ಅಂದಳು. ಹೌದು! “ಮಗು ಆಯ್ತು ಅಂತ ಆರು ವರ್ಷ ಮನೆಯಲ್ಲಿದ್ದೆ, ಈಗ ಇಂಟರ್‌ವ್ಯೂನಲ್ಲಿ ಎಂತ ಹೇಳುವುದು ಅಕ್ಕ?” ಅದನ್ನು ನಾನು ಕೆಲಸ ಅಂದುಕೊಂಡಿರಲೇ ಇಲ್ಲ. ಸುಮ್ನೆ ಮಾತು ಅಂದುಕೊಂಡಿದ್ದೆ.

ಈಗ ನಿಮ್ಮ ಪತ್ರಕ್ಕೆ ಬರುವ. ‘ತಲೆ ತಿನ್ನುತ್ತಾರೆ’ ಅಂತ ಗೊಣಗಿ ಬರೆದಿದ್ದೀರಲ್ಲ, ಇಡೀ ಪತ್ರದಲ್ಲಿ ನನಗೆ ಬೇಕಾದ ಸಾಲು ಅದೊಂದೇ. ಕರೆಯದೆ ಬರುವ ಜನ, ಬೇರೆ ಯಾರಿಗೂ ಹೇಳಲಾಗದ ಪ್ರಶ್ನೆ, 23 ವರ್ಷದ ಅನುಭವ. ಇದನ್ನು ಬಿಟ್ಟು ‘ಸಮಯ ನಿರ್ವಹಣೆ’ ಹುಡುಕುತ್ತಾ ಕೂತಿದ್ದೀರಿ.

ನಮ್ಮ ಜಿಲ್ಲೆಗಳಲ್ಲಿ ಬ್ಯಾಂಕಿನವರಿಲ್ಲದ ಕುಟುಂಬ ಯಾವುದು ಹೇಳಿ? ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ, ಎರಡೂ 1906ರಲ್ಲೇ ಹುಟ್ಟಿದವು. ಆಮೇಲೆ ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್, ವಿಜಯಾ. 2019ರಲ್ಲಿ ವಿಜಯಾ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಈಗಂತೂ ಕ್ಲರ್ಕ್ ಆಫೀಸರ್ ಆದರೆ ಪೋಸ್ಟಿಂಗ್ ಎಲ್ಲಿಗೆ ಅಂತ ಹೇಳಲಾಗದು. ಇಲ್ಲಿ ಅಪ್ಪನಿಗೆ ಎಂಬತ್ತು, ಮಗಳು ಪಿಯುಸಿ, ತೋಟಕ್ಕೆ ನೀರು ಬಿಡುವವರಿಲ್ಲ. ಪ್ರಮೋಶನ್ ಪರೀಕ್ಷೆಯ ಸರ್ಕ್ಯುಲರ್ ಬಂದ ರಾತ್ರಿ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಬರೆದರೆ ಊರು ಹೋಗುತ್ತದೆ, ಬರೆಯದಿದ್ದರೆ ನಿನ್ನೆ ಬಂದ ಹುಡುಗ ಮ್ಯಾನೇಜರ್ ಆಗಿ ಎದುರು ಕೂರುತ್ತಾನೆ. ರೂಲು ಗೊತ್ತಿಲ್ಲದೆ ಅವರು ನಿಮಗೆ ಫೋನ್ ಮಾಡುವುದಲ್ಲ. ರೂಲು ಯೂನಿಯನ್ನಿನವರೂ ಹೇಳುತ್ತಾರೆ.

ಇಲ್ಲಿ ಒಂದು ಅನುಮಾನ. ಆ ಒಂದು ಗಂಟೆಯಲ್ಲಿ ಜಾಸ್ತಿ ಮಾತಾಡುವುದು ಯಾರು? ನೀವಾದರೆ ಅದು ಹಿರಿಯರ ಬುದ್ಧಿವಾದ, ಕೋಚಿಂಗ್ ಅಲ್ಲ. ಕೋಚಿಂಗ್ ಅಂದರೆ ಪ್ರಶ್ನೆ ಕೇಳಿ, ಉತ್ತರವನ್ನು ಅವರೇ ಹುಡುಕಿಕೊಳ್ಳಲು ಬಿಡುವುದು. ಮುಂದಿನ ಸಲ “ನಾನಾಗಿದ್ದರೆ” ಅನ್ನುವ ಮಾತು ಬಾಯಿಗೆ ಬಂದಾಗ ನುಂಗಿಕೊಳ್ಳಿ. “ಹೋಗದಿದ್ದರೆ ಐದು ವರ್ಷ ಬಿಟ್ಟು ನಿಮಗೆ ಹೇಗನಿಸಬಹುದು?” ಅಂತ ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದು ಕಷ್ಟ ಮಾರಾಯ್ರೇ, ನನಗೆ ಎರಡು ವರ್ಷ ಬೇಕಾಯಿತು.

ಸಣ್ಣ ಊರಿನ ಹೆದರಿಕೆಗೆ ಬ್ಯಾಂಕಿನವರಿಗೆ ಬ್ಯಾಂಕಿನದೇ ಉದಾಹರಣೆ ಕೊಡುತ್ತೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಅನ್ನುವ ಸಣ್ಣ ಉಳಿತಾಯದ ಯೋಜನೆ ಶುರು ಮಾಡಿತು. ದಿನಕ್ಕೆ ಎರಡಾಣೆ ಉಳಿಸುವವರ ಬಾಗಿಲಿಗೇ ಏಜೆಂಟ್ ಹೋಗಬೇಕಿತ್ತು. ಎರಡಾಣೆಯವರನ್ನು ಹಿಡಿದರು ಅಂತ ದೊಡ್ಡ ಡೆಪಾಸಿಟ್‌ನವರು ಓಡಿ ಹೋದರಾ? ಅದೂ ಅಲ್ಲದೆ ನಿಮ್ಮ ಜನ ಬ್ರಹ್ಮಾವರದಲ್ಲೇ ಇರಬೇಕಾಗಿಲ್ಲ. ಟ್ರಾನ್ಸ್‌ಫರ್ ಆದವರು ದೇಶವಿಡೀ ಇದ್ದಾರೆ, ಸಂಜೆ ಆರರ ಮೇಲೆ ರೂಮಿನಲ್ಲಿ ಒಬ್ಬರೇ.

ಆದರೆ ಬೋರ್ಡ್ ಈಗಲೇ ಬರೆಸಬೇಡಿ. ಫೋನಿನ ಕಾಲ್ ಲಿಸ್ಟ್ ತೆಗೆದು ಹತ್ತು ಜನರನ್ನು ಆರಿಸಿ. ಯಾವ ಮಾತಿಗೆ ಫೋನ್ ಮಾಡಿದ್ದರು, ಅವರದೇ ಶಬ್ದದಲ್ಲಿ ಬರೆಯಿರಿ. ಏಳೆಂಟು ಜನರದ್ದು ಒಂದೇ ಸಂಕಟ ಅಂತಾದರೆ ಆ ಶಬ್ದಗಳನ್ನೇ ಕಾರ್ಡಿಗೆ ಹಾಕಿ. ಬರೇ ‘ಕೋಚ್’ ಅಂದರೆ ನಮ್ಮ ಕಡೆ ಒಂದೋ ಕ್ರಿಕೆಟ್, ಇಲ್ಲವೇ ನೀಟ್, ಸಿಇಟಿ. ‘ಬ್ಯಾಂಕಿನವರೇ, ಪ್ರಮೋಶನ್ ಬೇಕೋ, ಊರು ಬೇಕೋ? ಕೂತು ಮಾತಾಡುವ’ ಅಂತಿದ್ದರೆ ಓದಿದವನಿಗೆ ತನ್ನದೇ ಸುದ್ದಿ ಅನಿಸುತ್ತದೆ. ಒಂದು ವರ್ಷ ಬಿಟ್ಟು ಬೇಡ ಅನಿಸಿದರೆ ಬದಲಿಸಿ, ಇದೇನು ಮದುವೆಯಲ್ಲ.

ದುಡ್ಡಿನ ಮಾತು. “ಇವತ್ತು ಹೀಗೇ ಮಾತಾಡುವ, ಮುಂದಿನ ನಾಲ್ಕು ಸಲಕ್ಕೆ ಫೀಸ್ ಉಂಟು” ಅಂತ ಕನ್ನಡಿ ಮುಂದೆ ಹತ್ತು ಸಲ ಹೇಳಿ ನೋಡಿ. ನಾನು ಮೊದಲ ಸಲ ಮೊತ್ತ ಹೇಳಿ ಬೆವರಿದ್ದೆ. ಆಚೆಯಿಂದ ಬಂದ ಉತ್ತರ, “ಚೆಕ್ ಆದೀತಾ ಅಕ್ಕ?” ಅಷ್ಟೇ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ನಿನ ಮೊದಲ ಹಂತದ ಅರ್ಹತೆ ಎಸಿಸಿ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ನಿಮಗೆ ಬೇಕಾದರೆ 60 ಗಂಟೆಯ ತರಬೇತಿಯ ಜೊತೆ 100 ಗಂಟೆ ಕೋಚಿಂಗ್ ಮಾಡಿರಬೇಕು. ಅದರಲ್ಲಿ 75 ಗಂಟೆ ಶುಲ್ಕ ಪಡೆದದ್ದೇ ಆಗಿರಬೇಕು. ಹಾಗಾಗಿ ಸಂಕೋಚ ಬಿಡದೆ ಗತಿಯಿಲ್ಲ.

ಇನ್ನೆರಡು ಎಚ್ಚರ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನುವವರು ಬಂದರೆ ನೀವು ಕೋಚ್ ಆಗಬೇಡಿ. ಅದೇ ದಿನ ಮನೋವೈದ್ಯರ ಹತ್ತಿರ ಕಳಿಸಿ, ಮನೆಯವರಿಗೂ ತಿಳಿಸಿ. ಎರಡನೆಯದು ನಿಮ್ಮ ವೃತ್ತಿಯದೇ ಅಪಾಯ. ಒಂದೇ ಸೀಟಿಗೆ ಕಾದಿರುವ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಇಬ್ಬರೂ ನಿಮ್ಮ ಹತ್ತಿರವೇ ಬರಬಹುದು. ಆಗ ಎರಡನೆಯವರಿಗೆ “ಈಗ ತಗೊಳ್ಳುವುದಿಲ್ಲ” ಅನ್ನಿ, ಕಾರಣ ಹೇಳಬೇಡಿ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿತ್ತೋ, ಬ್ರಹ್ಮಾವರದಿಂದ ಕುಂದಾಪುರದವರೆಗೆ ನಿಮಗೆ ಯಾರೂ ಫೋನ್ ಮಾಡುವುದಿಲ್ಲ.

ಚಿಕ್ಕಪ್ಪನ ಮಗನನ್ನು ಏನು ಮಾಡುವುದು ಅಂತ ಮಾತ್ರ ನನ್ನನ್ನು ಕೇಳಬೇಡಿ. ನನ್ನ ಚಿಕ್ಕಪ್ಪನ ಮಗ ಹನ್ನೊಂದು ವರ್ಷದಿಂದ ಫ್ರೀಯಾಗಿಯೇ ಬರುತ್ತಿದ್ದಾನೆ, ಬಂದಾಗೆಲ್ಲ ಊಟವನ್ನೂ ಮಾಡಿಕೊಂಡು ಹೋಗುತ್ತಾನೆ.