ಮೊದಲ ಮೆಸೇಜಿನಲ್ಲೇ ಎಲ್ಲಾ ಹೇಳಿಬಿಡಿ

ಓದುಗರ ಪತ್ರ: ನಾನು ಎಂಟು ತಿಂಗಳಿಂದ ಒಂದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯಲ್ಲಿದ್ದೇನೆ. ಪೌಷ್ಟಿಕ ಪುಡಿ, ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಮಾರುತ್ತೇವೆ. ಎಲ್ಲಾ ಆನ್‌ಲೈನ್. ಫೋನಿನಲ್ಲಿರುವ ನೂರು ಜನರ ಪಟ್ಟಿ ಮಾಡಿ, ‘ಮನೆಯಲ್ಲೇ ಕೂತು ದುಡಿಯುವ ಅವಕಾಶ ಇದೆ, ಇಷ್ಟ ಇದ್ದರೆ ಎಸ್ ಅಂತ ಕಳಿಸಿ’ ಎಂದು ಮೆಸೇಜ್ ಹಾಕಲು ಅಪ್‌ಲೈನ್ ಮೇಡಂ (ಕಂಪನಿಯಲ್ಲಿ ನನಗಿಂತ ಮೇಲಿನ ಸಾಲಿನವರು) ಹೇಳಿಕೊಟ್ಟರು. ಕಂಪನಿ ಹೆಸರು ಮೊದಲೇ ಹೇಳಬಾರದಂತೆ. ಎಲ್ಲರೂ ಓದುತ್ತಾರೆ, ಉತ್ತರ ಕೊಡುವುದಿಲ್ಲ. ನಾದಿನಿ ಮಾತು ಬಿಟ್ಟಿದ್ದಾಳೆ. ಜನರನ್ನು ಸೇರಿಸಲು ಹೇಗೆ ಬರೆಯಬೇಕು? ದಯವಿಟ್ಟು ತಿಳಿಸಿಕೊಡಿ.
– ಓದುಗರು, ಶ್ರೀನಿವಾಸಪುರ

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಾಲು: ‘ಕಂಪನಿ ಹೆಸರು ಮೊದಲೇ ಹೇಳಬಾರದಂತೆ.’ ನಿಮ್ಮ ತೊಂದರೆ ಶುರುವಾಗಿರುವುದೇ ಅಲ್ಲಿ. ಜನ ಉತ್ತರ ಕೊಡದೆ ಇರುವುದಕ್ಕೂ, ನಾದಿನಿ ಮುನಿಸಿಕೊಂಡಿರುವುದಕ್ಕೂ ಕಾರಣ ಅದೇ ಇರಬೇಕು.

ಕೋಲಾರದ ಟೊಮೆಟೊ ಮಂಡಿಗೆ ನೀವೂ ಹೋಗಿರುತ್ತೀರಿ. ಅಲ್ಲಿ ಬಾಕ್ಸ್ ತೆರೆದಿಟ್ಟು ಹಣ್ಣು ತೋರಿಸಿದ ಮೇಲೆಯೇ ಹರಾಜು ಕೂಗುತ್ತಾರೆ. ಮುಚ್ಚಿದ ಬಾಕ್ಸ್ ಮುಂದಿಟ್ಟು ‘ಮೊದಲು ಎಸ್ ಅನ್ನಿ, ಒಳಗೇನಿದೆ ಅಂತ ಆಮೇಲೆ ಹೇಳ್ತೀನಿ’ ಎಂದರೆ ಯಾವ ವ್ಯಾಪಾರಿಯೂ ನಿಲ್ಲುವುದಿಲ್ಲ. ವಾಟ್ಸಾಪ್‌ನಲ್ಲಿ ನೀವು ಕಳಿಸುತ್ತಿರುವುದು ಅಂಥ ಮೆಸೇಜ್.

ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ನೇರ ಮಾರಾಟಕ್ಕೆಂದೇ (ನಿಮ್ಮ ನೆಟ್‌ವರ್ಕ್ ಮಾರ್ಕೆಟಿಂಗ್ ಕೂಡ ಇದರಲ್ಲೇ ಬರುತ್ತದೆ) ನಿಯಮ ತಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ಬಂದ ನಿಯಮ ಅದು. ಮಾರುವವರು ಮಾತು ಶುರು ಮಾಡುವಾಗಲೇ ತಾವು ಯಾರು, ಯಾವ ಕಂಪನಿ, ಏನು ಮಾರುತ್ತಿದ್ದೇವೆ, ಯಾತಕ್ಕೆ ಮಾತಾಡಿಸುತ್ತಿದ್ದೇವೆ ಎಂಬುದನ್ನು ಸ್ಪಷ್ಟವಾಗಿ, ನಿಜವಾಗಿ ಹೇಳಬೇಕು. ಬೆಲೆ, ವಾಪಸ್ ಕೊಡುವ ರೀತಿ, ಹಣ ಹಿಂತಿರುಗಿಸುವ ರೀತಿ ಇವನ್ನೂ ತಿಳಿಸಬೇಕು. ಮನೆಗೆ ಹೋಗುವುದಾದರೆ ಗುರುತಿನ ಚೀಟಿ ಇರಬೇಕು, ಮೊದಲೇ ಒಪ್ಪಿಗೆ ಪಡೆದಿರಬೇಕು. ನಿಮ್ಮ ಅಪ್‌ಲೈನ್ ಮೇಡಂ ಕಲಿಸಿದ ‘ಕುತೂಹಲ ಹುಟ್ಟಿಸಿ, ಹೆಸರು ಬಚ್ಚಿಡಿ’ ಎಂಬ ಪಾಠ ಇದಕ್ಕೆ ನೇರ ವಿರುದ್ಧ. ನಾಳೆ ಯಾರಾದರೂ ದೂರು ಕೊಟ್ಟರೆ ಮೆಸೇಜ್ ಇರುವುದು ನಿಮ್ಮ ನಂಬರಿನಲ್ಲಿ, ಮೇಡಂ ನಂಬರಿನಲ್ಲಲ್ಲ. ಇದನ್ನು ಅವರು ನಿಮಗೆ ಹೇಳಿದ್ದಾರಾ?

ಹಾಗಾದರೆ ಹೇಗೆ ಬರೆಯಬೇಕು ಎಂದು ಕೇಳಿದ್ದೀರಲ್ಲ, ಹೀಗೆ ಬರೆದು ನೋಡಿ:

‘ಅಕ್ಕಾ, ನಾನು ಇಂಥ ಕಂಪನಿಯ ಪಾತ್ರೆ ತೊಳೆಯೋ ಲಿಕ್ವಿಡ್ ಮಾರ್ತಾ ಇದ್ದೀನಿ. ಒಂದು ಬಾಟಲಿಗೆ ಇಷ್ಟು ರೂಪಾಯಿ. ಅದರಲ್ಲಿ ನನಗೆ ಇಷ್ಟು ಸಿಗುತ್ತೆ. ನಮ್ಮ ಮನೇಲಿ ಬಳಸ್ತಾ ಇದ್ದೀವಿ, ಜಿಡ್ಡು ಚೆನ್ನಾಗಿ ಹೋಗುತ್ತೆ, ಆದರೆ ವಾಸನೆ ಸ್ವಲ್ಪ ಜಾಸ್ತಿ. ಬೇಕಿದ್ದರೆ ಹೇಳಿ. ಬೇಡ ಅಂದ್ರೂ ಏನೂ ಬೇಜಾರಿಲ್ಲ.’

ನಿಮಗೆ ಎಷ್ಟು ಸಿಗುತ್ತದೆ ಅಂತ ಯಾಕೆ ಹೇಳಬೇಕು ಎನಿಸಬಹುದು. ಓದುವವರ ತಲೆಯಲ್ಲಿ ಮೊದಲು ಓಡುವುದೇ ಆ ಪ್ರಶ್ನೆ. ಅವರು ಕೇಳುವ ಮುಂಚೆ ನೀವೇ ಹೇಳಿದರೆ ಅನುಮಾನ ಅಲ್ಲಿಗೇ ಮುಗಿಯುತ್ತದೆ. ಇನ್ನು ‘ವಾಸನೆ ಜಾಸ್ತಿ’ ಎನ್ನುವ ಮಾತು. ಒಂದು ಕುಂದನ್ನು ಒಪ್ಪಿಕೊಂಡವರ ಹೊಗಳಿಕೆಯನ್ನು ಜನ ನಂಬುತ್ತಾರೆ. ಕೊನೆಯ ಸಾಲನ್ನು ಮನಸ್ಸಿನಿಂದಲೇ ಬರೆಯಿರಿ. ಬೇಡ ಎಂದವರಿಗೆ ಮತ್ತೆ ಕಳಿಸಬೇಡಿ. ನಿಮ್ಮ ಟ್ರೈನಿಂಗ್‌ಗಳಲ್ಲಿ ‘ಫಾಲೋ ಅಪ್’ ಎಂದು ಏಳು ಸಲ, ಎಂಟು ಸಲ ಬೆನ್ನು ಹತ್ತುವುದನ್ನು ಕಲಿಸುತ್ತಾರೆ. ಶ್ರೀನಿವಾಸಪುರದಂಥ ಊರಿನಲ್ಲಿ ಅದು ನಡೆಯುವುದಿಲ್ಲ. ಅದೇ ಜನ ನಾಳೆ ಮದುವೆಮನೆಯಲ್ಲಿ, ಡೇರಿ ಮುಂದೆ, ಸಂಘದ ಮೀಟಿಂಗಿನಲ್ಲಿ ಎದುರಿಗೆ ಸಿಗುತ್ತಾರೆ.

ನೂರು ಜನಕ್ಕೆ ಒಂದೇ ಮೆಸೇಜ್ ಹಾಕುವುದನ್ನೂ ಬಿಡಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ತಲುಪುವುದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಬೇಸತ್ತವರು ರಿಪೋರ್ಟ್ ಒತ್ತುತ್ತಾ ಹೋದರೆ ನಿಮ್ಮ ನಂಬರೇ ಬಂದ್ ಆಗಬಹುದು. ಅದರ ಬದಲು ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಅದರ ಕ್ಯಾಟಲಾಗ್‌ನಲ್ಲಿ ಸಾಮಾನಿನ ಫೋಟೊ, ಬೆಲೆ ಹಾಕಿ ಸುಮ್ನೆ ಇದ್ದುಬಿಡಿ. ಬೇಕಾದವರು ನೋಡಿ ಕೇಳುತ್ತಾರೆ.

ಪೌಷ್ಟಿಕ ಪುಡಿಯ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇಂಥ ಪುಡಿ ಮಾರುವ ಎಷ್ಟೋ ಜನರ ಸ್ಟೇಟಸ್‌ನಲ್ಲಿ ‘ಶುಗರ್ ಮಾಯ’, ‘ಮಂಡಿ ನೋವು ಮಾಯ’ ಎಂಬ ಪೋಸ್ಟರ್ ಇರುತ್ತದೆ. ನೀವೂ ಹಾಕಿದ್ದರೆ ಇವತ್ತೇ ತೆಗೆದುಬಿಡಿ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಕಾನೂನಿಗಿಂತ ನನಗೆ ಚಿಂತೆ ಇರುವುದು ನಮ್ಮ ಜನರ ಬಗ್ಗೆ. ಕೋಲಾರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಮೂಳೆಗೆ ಪೆಟ್ಟು, ಕೀಲು ಹಿಡಿದುಕೊಳ್ಳುತ್ತದೆ. ಅಂಥವರಿಗೆ ಬೇಕಾದದ್ದು ಒಳ್ಳೆ ನೀರು ಮತ್ತು ಡಾಕ್ಟರು. ನೋವಿನಲ್ಲಿರುವ ಅಜ್ಜಿಯೊಬ್ಬರು ನಿಮ್ಮ ಮಾತು ನಂಬಿ ಪಿಂಚಣಿ ದುಡ್ಡಿನಲ್ಲಿ ಡಬ್ಬಿ ಕೊಂಡು, ಮಾತ್ರೆ ನಿಲ್ಲಿಸಿದರೆ ಏನು ಗತಿ? ಆ ಪುಡಿಯನ್ನು ಆಹಾರ ಎಂದೇ ಮಾರಿ. ಔಷಧಿ ಎಂದು ಮಾರಬೇಡಿ.

ಈಗ ‘ಜನರನ್ನು ಸೇರಿಸುವ’ ಪ್ರಶ್ನೆ. ಇಲ್ಲಿ ನಿಮಗೆ ಬೇಜಾರಾದರೂ ನೇರವಾಗಿ ಹೇಳುತ್ತೇನೆ. ಸೇರಿಸುವುದನ್ನು ನಿಲ್ಲಿಸಿ, ಮಾರುವುದನ್ನು ನೋಡಿ. ನೀವು 6 ಜನರನ್ನು ಸೇರಿಸಿ, ಅವರು ತಲಾ 6 ಜನರನ್ನು ಸೇರಿಸಿದರೆ ಎರಡನೇ ಸಾಲಿನಲ್ಲಿ 36 ಜನ. ಐದನೇ ಸಾಲಿಗೆ 7,776. ಎಂಟನೇ ಸಾಲಿಗೆ 16,79,616. 2011ರ ಜನಗಣತಿಯಲ್ಲಿ ಇಡೀ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ತೊಟ್ಟಿಲ ಕೂಸನ್ನು ಸೇರಿಸಿದರೂ ಎಂಟನೇ ಸಾಲು ತುಂಬುವುದಿಲ್ಲ. ಝೂಮ್ ಮೀಟಿಂಗಿನಲ್ಲಿ ಕಾರು, ಚೆಕ್ಕು, ವಿದೇಶ ಪ್ರವಾಸದ ಫೋಟೊ ತೋರಿಸುವವರು ಈ ಲೆಕ್ಕ ತೋರಿಸುವುದಿಲ್ಲ. ಕೆಳಗಿನ ಸಾಲುಗಳಲ್ಲೇ ಜಾಸ್ತಿ ಜನ ಇರುತ್ತಾರೆ. ಅವರ ಕೆಳಗೆ ಸೇರಲು ಜನವೇ ಉಳಿದಿರುವುದಿಲ್ಲ.

ಬರೀ ಸೇರಿಸಿದ್ದಕ್ಕೆ ದುಡ್ಡು ಕೊಡುವ ಪಿರಮಿಡ್ ಯೋಜನೆಯನ್ನು 2021ರ ನಿಯಮ ನಿಷೇಧಿಸುತ್ತದೆ. ಹಣ ಸುತ್ತಿಸುವ ಯೋಜನೆಗಳ ವಿರುದ್ಧ 1978ರ ಕಾಯ್ದೆಯೂ ಇದೆ, ಅದರಲ್ಲಿ ಜೈಲು ಶಿಕ್ಷೆ ಇದೆ. ಹಾಗಂತ ನೇರ ಮಾರಾಟವೆಲ್ಲಾ ಮೋಸ ಎಂದು ನಾನು ಹೇಳುತ್ತಿಲ್ಲ. ಸಾಮಾನು ಮಾರಿ ಕಮಿಷನ್ ಪಡೆಯುವುದು ಕಾನೂನು ಒಪ್ಪಿದ ದುಡಿಮೆ. ನಿಮ್ಮ ಕಂಪನಿ ಯಾವ ಕಡೆಗೆ ಸೇರುತ್ತದೆ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಕಂಪನಿಗೆ ಸೇರದೆ ಇರುವವರು, ಕಮಿಷನ್ ಆಸೆ ಇಲ್ಲದವರು, ಈ ಬೆಲೆಗೆ ಈ ಸಾಮಾನು ಎರಡನೇ ಸಲ ಕೊಂಡಿದ್ದಾರಾ?

ಎಂಟು ತಿಂಗಳ ಲೆಕ್ಕ ಬರೆಯಿರಿ. ಒಂದು ಕಡೆ ನೀವು ಕೊಂಡ ಸ್ಟಾಕು, ಟ್ರೈನಿಂಗ್ ಫೀಸು, ಕೊರಿಯರ್, ‘ಆ್ಯಕ್ಟಿವ್’ ಆಗಿರಲು ಪ್ರತಿ ತಿಂಗಳು ನಿಮಗಾಗಿಯೇ ಕೊಂಡದ್ದು. ಇನ್ನೊಂದು ಕಡೆ ಹೊರಗಿನವರಿಗೆ ಮಾರಿ ಕೈಗೆ ಬಂದದ್ದು. ಡೌನ್‌ಲೈನ್‌ನಿಂದ, ಅಂದರೆ ನಿಮ್ಮ ಕೆಳಗೆ ಸೇರಿದವರಿಂದ, ಬಂದದ್ದನ್ನು ಬೇರೆ ಬರೆಯಿರಿ, ಕೂಡಿಸಬೇಡಿ. ಸೇರಲು ಶುಲ್ಕ ಕೇಳಬಾರದು, ಮಾರಲಾಗದಷ್ಟು ಸ್ಟಾಕ್ ಹೊರಿಸಬಾರದು ಎಂದು ನೇರ ಮಾರಾಟದ ಬಗ್ಗೆ ಕೇಂದ್ರ ಸರ್ಕಾರ ಕೊಟ್ಟ 2016ರ ಮಾರ್ಗಸೂಚಿಯಲ್ಲೇ ಇದೆ. ನಿಮ್ಮ ಮೇಲೆ ಅಂಥ ಒತ್ತಡ ಇದ್ದರೆ ಅದನ್ನೂ ಬರೆದಿಡಿ. ಮುಖ್ಯವಾಗಿ, ಸ್ತ್ರೀಶಕ್ತಿ ಸಂಘದ ಸಾಲವನ್ನಾಗಲಿ ಫೈನಾನ್ಸ್ ಸಾಲವನ್ನಾಗಲಿ ತೆಗೆದು ಸ್ಟಾಕ್ ಕೊಳ್ಳಬೇಡಿ. ಕಂತು ವಾರ ವಾರ ಬರುತ್ತದೆ, ಕಮಿಷನ್ ಹಾಗೆ ಬರುವುದಿಲ್ಲ.

ನಾದಿನಿಗೆ ವಾಟ್ಸಾಪ್ ಬೇಡ, ಮನೆಗೇ ಹೋಗಿ. ಬ್ಯಾಗಿನಲ್ಲಿ ಸ್ಯಾಂಪಲ್ ಇಟ್ಟುಕೊಂಡು ಹೋಗಬೇಡಿ. ‘ಅವತ್ತು ಸುತ್ತಿ ಬಳಸಿ ಮೆಸೇಜ್ ಹಾಕಿದೆ, ತಪ್ಪಾಯ್ತು’ ಎನ್ನಿ. ವ್ಯಾಪಾರದ ಮಾತು ಅವರೇ ಎತ್ತಿದರೆ ಮಾತ್ರ ಆಡಿ.

ಲೆಕ್ಕದಲ್ಲಿ ಮಾರಾಟದ ಲಾಭ ಕಂಡರೆ ಮೇಲಿನ ಮೆಸೇಜಿನ ಥರ ಮುಂದುವರಿಸಿ, ಗಿರಾಕಿಗಳು ನಿಧಾನವಾಗಿ ಸಿಗುತ್ತಾರೆ. ನಷ್ಟ ಕಂಡರೆ ಹೊಸಬರನ್ನು ಎಳೆದು ಅದನ್ನು ತುಂಬಲು ಹೋಗಬೇಡಿ. ಕಂಪನಿ ಜೊತೆಗಿನ ಕರಾರು ಪತ್ರ ತೆಗೆದು, ಮಾರದೆ ಉಳಿದ ಸಾಮಾನು ವಾಪಸ್ ಪಡೆಯುವ ಷರತ್ತು ಏನಿದೆ ನೋಡಿ. ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರಹದಲ್ಲಿ ಕೇಳಿ, ನಿಯಮದ ಪ್ರಕಾರ ಅಂಥವರೊಬ್ಬರು ಇರಲೇಬೇಕು. ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ರಸೀದಿ, ಮೆಸೇಜು, ಮೇಡಂ ಕಳಿಸಿದ ವಾಯ್ಸ್ ನೋಟ್ ಯಾವುದನ್ನೂ ಡಿಲೀಟ್ ಮಾಡಬೇಡಿ.