ಜೈಲಿನ ಪಟ್ಟಿಯಲ್ಲಿ ಗೊತ್ತಿರುವ ಹೆಸರು ಕಂಡಾಗ

ತಮ್ಮಾ,

ನೀನು ಬರೆದದ್ದು ಓದಿದೆ. ಡಲ್ಲಾಸ್‌ಗೆ ಬಂದು ಅಮೆರಿಕದಲ್ಲಿ ಇನ್ನೂ ಮನೆ ಸಾಮಾನು ಜೋಡಿಸಿಕೊಂಡಿಲ್ಲ, ಅಷ್ಟರಲ್ಲೇ ಇಂಥದ್ದೊಂದು ನೋಡಬೇಕಾಯಿತು. ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ ಸುಂಟಿಕೊಪ್ಪ ಕಡೆಯ ಹುಡುಗನ ಹೆಸರು, ಫೋಟೋ, ಆರೋಪ, ಜಾಮೀನಿನ ಮೊತ್ತ ಎಲ್ಲವೂ ಕೌಂಟಿ (ಇಲ್ಲಿನ ತಾಲೂಕಿನಂಥ ವಿಭಾಗ) ಜೈಲಿನ ವೆಬ್‌ಸೈಟಿನಲ್ಲಿತ್ತು. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಕೊಡಗಿನವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಇದನ್ನು ಹೀಗೆ ಯಾರು ಬೇಕಾದರೂ ನೋಡಬಹುದಾ, ರೂಮಿಗೆ ಬರುವವರ ಹೆಸರು ಹಾಕಿ ಮೊದಲೇ ಹುಡುಕಿದರೆ ತಪ್ಪಾ, ನಾಳೆ ನನಗೇ ಹೀಗಾದರೆ ಗೋಣಿಕೊಪ್ಪದಲ್ಲಿರುವ ಅಪ್ಪ ಅಮ್ಮನಿಗೆ ಗೊತ್ತಾಗುತ್ತಾ ಎಂದು ಕೇಳಿದ್ದೀಯ. ಕೆಲಸ, ಬಾಡಿಗೆ, ಕಾರು, ಚಳಿ ಬಗ್ಗೆ ನಿನಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೌದು, ಯಾರು ಬೇಕಾದರೂ ನೋಡಬಹುದು. ಇಲ್ಲಿ ಜೈಲು ನಡೆಸುವುದು ಹೆಚ್ಚಾಗಿ ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್. ಯಾರನ್ನು ಒಳಗೆ ಹಾಕಿದರು, ಯಾವ ಆರೋಪ, ಯಾವಾಗ ತಂದರು ಅನ್ನುವುದನ್ನು ಹೆಚ್ಚಿನ ಕೌಂಟಿಗಳು ಆನ್‌ಲೈನಿನಲ್ಲೇ ಹಾಕುತ್ತವೆ. ಟೆಕ್ಸಾಸ್‌ನ ಮಾಹಿತಿ ಕಾನೂನಿನ ಪ್ರಕಾರ ತನಿಖೆ ನಡೆಯುತ್ತಿದ್ದರೂ ಬಂಧನದ ಮೂಲ ವಿವರವನ್ನು ಪೊಲೀಸರು ಮುಚ್ಚಿಡುವ ಹಾಗಿಲ್ಲ. ಕಾರಣ ಸರಳ. ಪೊಲೀಸರು ಒಬ್ಬನನ್ನು ಹಿಡಿದುಕೊಂಡು ಹೋಗಿ, ಎಲ್ಲಿಟ್ಟಿದ್ದೇವೆ ಅಂತ ಹೇಳದೆ ಇರಬಾರದು. ಹಾಗೆ ಗುಟ್ಟಾಗಿ ಇಟ್ಟ ಕಡೆಯಲ್ಲೇ ಹೊಡೆತ, ಬಡಿತ, ಸಾವು ಎಲ್ಲ ನಡೆಯುವುದು. ನನಗೆ ಈ ಕಾರಣ ತುಂಬಾ ದೊಡ್ಡದಾಗಿ ಕಾಣುತ್ತದೆ.

ನಮ್ಮ ಕಡೆ ಹೇಗೆ ಅಂತ ನಿನಗೇ ಗೊತ್ತು. ಒಬ್ಬ ಹುಡುಗನನ್ನು ರಾತ್ರಿ ಜೀಪಿನಲ್ಲಿ ಕರೆದುಕೊಂಡು ಹೋದರು ಅಂದರೆ ಮನೆಯವರು ಮೊದಲು ಪೊನ್ನಂಪೇಟೆಗೆ ಓಡುತ್ತಾರೆ. ಅಲ್ಲಿಲ್ಲ ಅಂದರೆ ವಿರಾಜಪೇಟೆ, ಅಲ್ಲೂ ಇಲ್ಲ ಅಂದರೆ ಮಡಿಕೇರಿ. ಗುರುತಿನ ವಕೀಲರಿಗೋ ಪಂಚಾಯಿತಿ ಮೆಂಬರಿಗೋ ಫೋನ್ ಮಾಡಿ, 'ಸ್ವಲ್ಪ ಕೇಳಿ ನೋಡಿ' ಅನ್ನಬೇಕು. ಫೋನ್ ಮಾಡುವುದಕ್ಕೆ ಗುರುತಿನವರು ಇಲ್ಲದವರ ಗತಿ? ತೋಟದ ಲೈನ್‌ಮನೆಯಲ್ಲಿರುವ ಕೂಲಿಯವರ, ಹಾಡಿಯಲ್ಲಿರುವ ಯರವ ಬುಡಕಟ್ಟಿನ ಹುಡುಗನನ್ನು ಹಿಡಿದರೆ ಯಾರು ಹೋಗಿ ಕೇಳುತ್ತಾರೆ? ಇಲ್ಲಿ ಯಾರ ಗುರುತೂ ಬೇಡ. ಹೆಸರು ಟೈಪ್ ಮಾಡಿದರೆ ಆಯಿತು.

ಆದರೆ ಊರಲ್ಲಿ ಕಾನೂನೇ ಇಲ್ಲ ಅಂತ ತಿಳಿಯಬೇಡ. ಲಾಕಪ್ ಸಾವುಗಳ ಬಗ್ಗೆ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು 1986ರಲ್ಲಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಹಿಡಿದ ಕೂಡಲೇ ಬಂಧನದ ಮೆಮೊ ಬರೆಯಬೇಕು, ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು, 12 ಗಂಟೆಯೊಳಗೆ ಜಿಲ್ಲಾ ಕಂಟ್ರೋಲ್ ರೂಮಿಗೆ ಹೇಳಿ ಬೋರ್ಡಿನಲ್ಲಿ ಹಾಕಬೇಕು ಅಂತ ಅದರಲ್ಲಿದೆ. ಆ ಕಂಟ್ರೋಲ್ ರೂಮ್ ಬೋರ್ಡಿನ ನಿಯಮವೇ ಆಮೇಲೆ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗೆ, ಅಂದರೆ ಸಿಆರ್‌ಪಿಸಿಗೆ 41ಸಿ ಕಲಮಾಗಿ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬಂಧಿತರ ಹೆಸರು, ವಿಳಾಸ, ಆರೋಪದ ವಿವರ ಇಟ್ಟುಕೊಳ್ಳುವುದಕ್ಕೆ ಪ್ರತಿ ಠಾಣೆಯಲ್ಲೂ ಒಬ್ಬ ಅಧಿಕಾರಿ ಇರಬೇಕು. ಆ ವಿವರವನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವ ಹಾಗೆ ಹಾಕಬೇಕು, ಡಿಜಿಟಲ್ ಆಗಿಯೂ ಹಾಕಬೇಕು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳಿಗೆ ಮಾತ್ರ ವಿನಾಯಿತಿ. ನಿನ್ನ ಅಪ್ಪನಿಗೆ ಒಮ್ಮೆ ಇದನ್ನು ಹೇಳಿಡು. ನಾಳೆ ಊರಲ್ಲಿ ಯಾರಿಗಾದರೂ ಬೇಕಾದರೆ, ಠಾಣೆಗೆ ಹೋಗಿ ಪಟ್ಟಿ ಎಲ್ಲಿದೆ ಅಂತ ಕೇಳುವುದು ಅವರ ಹಕ್ಕು. ಯಾರ ಕೈಕಾಲು ಹಿಡಿಯಬೇಕಾಗಿಲ್ಲ.

ಇನ್ನು ಇಲ್ಲಿನ ಪಟ್ಟಿಯ ಕಡೆಗೆ ಬರೋಣ. ಅದನ್ನು ಓದುವುದಕ್ಕೆ ಕಲಿಯಬೇಕು ತಮ್ಮಾ. ಅದರಲ್ಲಿರುವುದು ಇಷ್ಟೇ: ಪೊಲೀಸರು ಇಂಥವನನ್ನು ಇಂಥ ಅನುಮಾನದ ಮೇಲೆ ಹಿಡಿದಿದ್ದಾರೆ. ಆಮೇಲೆ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರು) ಕೇಸ್ ಹಾಕದೇ ಇರಬಹುದು. ಹಾಕಿ ಕೈಬಿಡಬಹುದು. ಕೋರ್ಟಿನಲ್ಲಿ ಖುಲಾಸೆ ಆಗಬಹುದು. ಆದರೆ ಜೈಲಿನ ಪುಟದಲ್ಲಿ ಆರೋಪದ ಹೆಸರು ದೊಡ್ಡದಾಗಿ ಇರುತ್ತದೆ, ಜೊತೆಗೆ ನಿದ್ದೆಗೆಟ್ಟ ಮುಖದ ಫೋಟೋ. ನೋಡಿದವರು ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಆದದ್ದು ಹೇಳುತ್ತೇನೆ. ಸೋಮವಾರಪೇಟೆ ಕಡೆಯವರು. ಗಂಡ ಹೆಂಡತಿ ರಾತ್ರಿ ಜೋರಾಗಿ ಜಗಳ ಆಡಿದರು. ಪಕ್ಕದ ಮನೆಯವರು ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರು. ಪೊಲೀಸರು ಬಂದಾಗ ಆಕೆಯ ತೋಳಿನಲ್ಲಿ ಗೀರಿನ ಗುರುತಿತ್ತು. ಆತನನ್ನು ಕರೆದುಕೊಂಡು ಹೋದರು. 'ನಾನು ಕಂಪ್ಲೇಂಟ್ ಕೊಡುವುದಿಲ್ಲ' ಅಂತ ಆಕೆ ಎಷ್ಟು ಹೇಳಿದರೂ ಆಗಲಿಲ್ಲ. ಇಲ್ಲಿ ಅದು ಹೆಂಡತಿಯ ಕೈಯಲ್ಲಿ ಇರುವುದಿಲ್ಲ, ಕೇಸ್ ನಡೆಸುವುದು ಸರ್ಕಾರ. ಆ ಮನೆಗೆ ಕೆಲವು ವಾರ ಹೋಗಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಬೇರೆ. ಕೊನೆಗೆ ಕೇಸ್ ವಜಾ ಆಯಿತು. ಆದರೆ ಆತ ಜೈಲಿನಿಂದ ಹೊರಗೆ ಬರುವ ಮೊದಲೇ ಸ್ಕ್ರೀನ್‌ಶಾಟ್ ಊರಿಗೆ ತಲುಪಿತ್ತು. ಮಗನ ಫೋಟೋವನ್ನು ಆತನ ತಾಯಿಗೆ ತೋರಿಸಿದ್ದು ಸಂತೆಯಲ್ಲಿ ಸಿಕ್ಕ ನೆಂಟರು. ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಅಂತ ಅವರೇ ಓದಿ ಹೇಳಿದರಂತೆ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆಂಡತಿಗೆ ನಿಜವಾಗಿ ಹೊಡೆತ ಬೀಳುವ ಮನೆಗಳೂ ನಮ್ಮವರಲ್ಲಿವೆ. ಅಲ್ಲಿ ಪೊಲೀಸರು ಬರಲೇಬೇಕು, ಹಿಡಿಯಲೇಬೇಕು. ನಾನು ಹೇಳುತ್ತಿರುವುದು ಆಮೇಲೆ ನಾವು ಮಾಡುವ ಕೆಲಸದ ಬಗ್ಗೆ.

ಹೀಗೆ ಹೆಸರು ಕೆಡಿಸಿದರೆ ಕೋರ್ಟಿಗೆ ಹೋಗಬಹುದಲ್ವಾ ಅಂತ ಕೇಳಬಹುದು. ಪೊಲೀಸರ ಮೇಲೆ ಹೋಗುವುದು ಕಷ್ಟ. ಕೆಂಟಕಿಯ ಲೂಯಿವಿಲ್‌ನಲ್ಲಿ ಪೊಲೀಸರು ಅಂಗಡಿ ಕಳ್ಳರು ಅಂತ ಒಂದಷ್ಟು ಜನರ ಫೋಟೋ ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚಿದ್ದರು. ಅದರಲ್ಲಿದ್ದ ಡೇವಿಸ್ ಎಂಬ ಪತ್ರಿಕಾ ಛಾಯಾಗ್ರಾಹಕರ ಮೇಲಿನ ಕೇಸ್ ಆಮೇಲೆ ವಜಾ ಆಯಿತು. ಆದರೂ ಬರೀ ಹೆಸರು ಕೆಟ್ಟಿತು ಅಂದ ಮಾತ್ರಕ್ಕೆ ಸಂವಿಧಾನದ ಹಕ್ಕು ಹೋದಂತಲ್ಲ ಅಂತ 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಇನ್ನೊಂದು ಕಡೆ ಇಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ದೇಶದ ಎಲ್ಲ ಕಡೆಯಿಂದ ಕೂಡಿಸಿಟ್ಟ ಒಬ್ಬನ ಅಪರಾಧ ಪಟ್ಟಿಯನ್ನು ಮಾಹಿತಿ ಕಾನೂನಿನಲ್ಲಿ ಹೊರಗಿನವರಿಗೆ ಕೊಡಬೇಕಾಗಿಲ್ಲ ಅಂತ 1989ರಲ್ಲಿ ಅದೇ ಕೋರ್ಟ್ ತೀರ್ಪು ಕೊಟ್ಟಿದೆ. ಅಂದರೆ ದಿಲ್ಲಿ ಮಟ್ಟದ ಕಡತ ಮುಚ್ಚಿದೆ, ತಾಲೂಕು ಮಟ್ಟದ ಕಡತ ತೆರೆದಿದೆ ಅಂದುಕೋ. ಇಂಟರ್‌ನೆಟ್ ಬಂದ ಮೇಲೆ ಈ ಎರಡರ ನಡುವಿನ ಅಂತರವೇ ಇಲ್ಲದಂತಾಗಿದೆ ಅಂತ ನನ್ನ ಅಭಿಪ್ರಾಯ.

ಜೈಲಿನ ಫೋಟೋಗಳನ್ನು ಎತ್ತಿ ತಮ್ಮ ಸೈಟಿಗೆ ಹಾಕಿ, ತೆಗೆಯುವುದಕ್ಕೆ ದುಡ್ಡು ಕೇಳುವ ದಂಧೆಯೂ ಇದೆ. ಹಾಗೆ ದುಡ್ಡು ಕೇಳಬಾರದು ಅಂತ ಟೆಕ್ಸಾಸ್‌ನಲ್ಲಿ 2013ರಲ್ಲೇ ಕಾನೂನು ಬಂತು. ನ್ಯೂಯಾರ್ಕ್ 2019ರಲ್ಲಿ ಇಂಥ ಫೋಟೋ ಕೊಡುವುದನ್ನೇ ಬಿಗಿ ಮಾಡಿತು. ನೀನಿರುವ ಟೆಕ್ಸಾಸ್‌ನಲ್ಲಿ ಫೋಟೋ ಕೊಡುವುದಕ್ಕೆ ಅಂಥ ಬಿಗಿ ಇಲ್ಲ.

ರೂಮ್‌ಮೇಟ್ ಹೆಸರು ಹುಡುಕುವುದರಲ್ಲಿ ತಪ್ಪೇನೂ ಇಲ್ಲ. ನಿನ್ನ ಜೊತೆ ಒಂದೇ ಮನೆಯಲ್ಲಿ ಮಲಗುವವನು ಯಾರು ಅಂತ ನೋಡಿಕೊಳ್ಳುವುದು ಜಾಣತನ. ಹುಡುಕುವುದಾದರೆ ಸರಿಯಾಗಿ ಹುಡುಕು. ಟೆಕ್ಸಾಸ್‌ನಲ್ಲಿ 254 ಕೌಂಟಿ ಇವೆ. ಡಲ್ಲಾಸ್ ಸುತ್ತಮುತ್ತಲೇ ಡಲ್ಲಾಸ್, ಕಾಲಿನ್, ಡೆಂಟನ್, ಟ್ಯಾರಂಟ್ ಅಂತ ನಾಲ್ಕು ಬರುತ್ತವೆ, ಒಂದರ ಪಟ್ಟಿ ಇನ್ನೊಂದರಲ್ಲಿ ಇರುವುದಿಲ್ಲ. ಜೈಲಿನ ಪಟ್ಟಿ ನೋಡಿ ನಿಲ್ಲಿಸಬೇಡ. ಕೌಂಟಿ ಕೋರ್ಟಿನ ಕೇಸ್ ಹುಡುಕಾಟದಲ್ಲಿ ಕೊನೆಗೆ ಏನಾಯಿತು ಅಂತ ನೋಡು. ಹುಟ್ಟಿದ ದಿನ ತಾಳೆಯಾಗುತ್ತದಾ ಅಂತಲೂ ನೋಡು. ನಮ್ಮವರ ಹೆಸರಿನ ಗೊಂದಲ ಗೊತ್ತಲ್ಲ, ಒಬ್ಬರ ಪಾಸ್‌ಪೋರ್ಟಿನಲ್ಲಿ ಮನೆ ಹೆಸರು ಕೊನೆಗೆ, ಇನ್ನೊಬ್ಬರದ್ದರಲ್ಲಿ ಮೊದಲಿಗೆ. ಪೊನ್ನಪ್ಪ, ಮುತ್ತಪ್ಪ, ಕಾರ್ಯಪ್ಪ ಅಂದರೆ ಎಷ್ಟು ಜನ! ಬೇರೆ ಯಾರದ್ದೋ ಕೇಸನ್ನು ಇವನ ತಲೆಗೆ ಕಟ್ಟಬಾರದು.

ಕೆಲಸದ ವಿಷಯಕ್ಕೆ ಹೆಚ್ಚು ಹೆದರಬೇಡ. ಹಿನ್ನೆಲೆ ತಪಾಸಣೆ ಮಾಡುವ ಕಂಪನಿಗಳು ಸಾಮಾನ್ಯವಾಗಿ 7 ವರ್ಷಕ್ಕಿಂತ ಹಳೆಯ ಬಂಧನವನ್ನು ವರದಿಯಲ್ಲಿ ಹಾಕಬಾರದು. ವರ್ಷಕ್ಕೆ 75,000 ಡಾಲರ್ ಅಥವಾ ಜಾಸ್ತಿ ಸಂಬಳದ ಕೆಲಸಕ್ಕೆ ಮಾತ್ರ ಫೆಡರಲ್ (ಕೇಂದ್ರ) ಕಾನೂನಿನ ಈ ಮಿತಿ ಇಲ್ಲ. ವರದಿ ನೋಡಿ ಕೆಲಸ ಕೊಡದೇ ಇರುವುದಾದರೆ ಮೊದಲೇ ಅದರ ಪ್ರತಿ ನಿನಗೆ ಕೊಡಬೇಕು, ತಪ್ಪಿದ್ದರೆ ನೀನು ತಿದ್ದಿಸಬಹುದು.

ಹೆದರಬೇಕಾದದ್ದು ವೀಸಾ ವಿಷಯಕ್ಕೆ. ವೀಸಾ ಅರ್ಜಿಯಲ್ಲಿ 'ಎಂದಾದರೂ ಬಂಧನ ಆಗಿದೆಯಾ' ಅಂತ ಕೇಳುತ್ತಾರೆ, ಮುಂದೆ ಪೌರತ್ವದ ಅರ್ಜಿಯಲ್ಲೂ ಕೇಳುತ್ತಾರೆ. ಕೇಸ್ ವಜಾ ಆಗಿದ್ದರೂ, ಕೋರ್ಟ್ ದಾಖಲೆ ಅಳಿಸಿದ್ದರೂ ಹೌದು ಅಂತಲೇ ಬರೆಯಬೇಕು. ಟೆಕ್ಸಾಸ್ ಕೋರ್ಟಿನಲ್ಲಿ ದಾಖಲೆ ಅಳಿಸುವ ಆದೇಶ ಸಿಕ್ಕಿತು ಅಂತ ಖುಷಿಯಲ್ಲಿ ಕಾಗದ ಎಲ್ಲ ಬಿಸಾಡುವವರಿದ್ದಾರೆ. ಅಳಿಸುವ ಮೊದಲೇ ತೀರ್ಪಿನ ದೃಢೀಕೃತ ಪ್ರತಿ ತೆಗೆದು ಇಟ್ಟುಕೊಳ್ಳಬೇಕು. ಇನ್ನೊಂದು ಮಾತು. ತಪ್ಪೊಪ್ಪಿಕೊಂಡು, ಕೋರ್ಟ್ ಹೇಳಿದ ಹಾಗೆ ಕೆಲವು ಕಾಲ ನಡೆದುಕೊಂಡರೆ ಶಿಕ್ಷೆ ದಾಖಲಾಗದ ಒಂದು ದಾರಿ ಇಲ್ಲಿದೆ. ಡಿಫರ್ಡ್ ಅಡ್ಜುಡಿಕೇಶನ್ ಅನ್ನುತ್ತಾರೆ. ಇಲ್ಲಿನವರಿಗೆ ಅದು ಒಳ್ಳೆಯದೇ. ನಮಗೆ ಹಾಗಲ್ಲ, ವಲಸೆ ಕಾನೂನು ಅದನ್ನೂ ಶಿಕ್ಷೆ ಅಂತಲೇ ಲೆಕ್ಕ ಹಾಕುತ್ತದೆ. ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯಾ ಅಂತ ಕ್ರಿಮಿನಲ್ ವಕೀಲರು ಮೊದಲೇ ಹೇಳಲೇಬೇಕು ಅಂತ 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ವಲಸೆ ವಕೀಲರನ್ನು ಬೇರೆಯಾಗಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬಾರದು.

ಕುಡಿದು ಕಾರು ಓಡಿಸುವುದು ಬೇಡವೇ ಬೇಡ. ಮಿತಿ ರಕ್ತದಲ್ಲಿ 0.08 ಶೇಕಡ. ಊರಲ್ಲಿ ಮದುವೆ, ಹುತ್ತರಿ ಅಂತ ಎರಡು ಪೆಗ್ ಹಾಕಿ ಜೀಪು ಓಡಿಸಿಕೊಂಡು ಬರುವ ಅಭ್ಯಾಸ ಎಷ್ಟೋ ಜನಕ್ಕಿದೆ, ಸುಮ್ನೆ ಮುಚ್ಚಿಡುವುದು ಯಾಕೆ. ಇಲ್ಲಿ ಅದರಲ್ಲಿ ಒಮ್ಮೆ ಸಿಕ್ಕಿಬಿದ್ದರೆ ಶಿಕ್ಷೆಯಾಗುವ ಮೊದಲೇ ವೀಸಾ ರದ್ದಾಗಬಹುದು. ಟ್ರಾಫಿಕ್ ತಪ್ಪಿಗೆ ಟಿಕೆಟ್ (ದಂಡದ ಚೀಟಿ) ಬಂದು ಕೋರ್ಟಿಗೆ ಹೋಗದೇ ಇದ್ದರೆ ವಾರಂಟ್ ಬರುತ್ತದೆ. ಟೆಕ್ಸಾಸ್‌ನ ಲಾಗೋ ವಿಸ್ಟಾದಲ್ಲಿ ಸೀಟ್ ಬೆಲ್ಟ್ ಹಾಕಲಿಲ್ಲ ಅಂತ ಒಬ್ಬ ತಾಯಿಯನ್ನು ಹಿಡಿದು ಜೈಲಿಗೆ ಹಾಕಿದ್ದರು. ಹಾಗೆ ಹಿಡಿಯಬಹುದು ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಮತ್ತೆ ಕೋವಿ. ನಮ್ಮ ಮನೆಗಳಲ್ಲಿ ಕೋವಿ ಇರುವುದು, ಕೈಲ್‌ಪೊಳ್ದಿಗೆ (ಆಯುಧ ಪೂಜೆಯ ಹಬ್ಬ) ಪೂಜೆ ಮಾಡುವುದು, ತೆಂಗಿನಕಾಯಿಗೆ ಗುರಿ ಇಡುವುದು ಸಹಜ. ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಅದೇ ಧೈರ್ಯದಲ್ಲಿ ಆಫೀಸಿನವರು ಕರೆದರು ಅಂತ ಶೂಟಿಂಗ್ ರೇಂಜಿಗೆ ಹೋಗಬೇಡ. ಕೆಲಸದ ವೀಸಾದಲ್ಲಿರುವವರು, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಕೈಯಲ್ಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ.

ಅಪ್ಪ ಅಮ್ಮನಿಗೆ ಗೊತ್ತಾಗುತ್ತಾ ಅಂದೆಯಲ್ಲ. ಸರ್ಕಾರ ಅವರಿಗೆ ತಿಳಿಸುವುದಿಲ್ಲ. ನೀನು ಕೇಳಿಕೊಂಡರೆ ಪೊಲೀಸರು ಭಾರತದ ಕಾನ್ಸುಲೇಟಿಗೆ ತಿಳಿಸಬೇಕು, ಬೇಡ ಅಂದರೆ ಇಲ್ಲ. ಅವರಿಗೆ ತಿಳಿಯುವುದು ನಮ್ಮವರಿಂದಲೇ. ಅದಕ್ಕೇ ಆ ಗುಂಪಿನಲ್ಲಿ ಹಾಕಿದವರಿಗೆ ಈಗಲೇ ನೇರವಾಗಿ ಫೋನ್ ಮಾಡು. ಗುಂಪಿನಲ್ಲಿ ಜಗಳ ಮಾಡಬೇಡ. 'ಅಣ್ಣ, ಕೇಸ್ ಏನು ಅಂತ ನಮಗ್ಯಾರಿಗೂ ಗೊತ್ತಿಲ್ಲ, ಅವನ ಮನೆಯವರು ನೋಡುವ ಮೊದಲು ತೆಗೀರಿ' ಅಂತ ಹೇಳು. ಹೆಚ್ಚಿನವರು ತೆಗೆಯುತ್ತಾರೆ. ತೆಗೆಯದಿದ್ದರೆ ಅಡ್ಮಿನ್‌ಗೆ ಹೇಳೋಣ, ನಾನೂ ಮಾತಾಡುತ್ತೇನೆ.

ಆ ಹುಡುಗನಿಗೆ ಇಲ್ಲಿ ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ಅದೇ ಪುಟ ನಿನಗೆ ಉಪಯೋಗಕ್ಕೆ ಬರುತ್ತದೆ. ಬುಕಿಂಗ್ ನಂಬರ್ (ಜೈಲಿನವರು ಅವನಿಗೆ ಕೊಟ್ಟ ನಂಬರ್), ಜಾಮೀನಿನ ಮೊತ್ತ, ಯಾವ ಜೈಲು ಅನ್ನುವುದನ್ನು ಬರೆದುಕೋ. ದುಡ್ಡು ತೆಗೆದುಕೊಂಡು ಜಾಮೀನಿನ ಬಾಂಡ್ ಕೊಡಿಸುವವರು ಸಾಮಾನ್ಯವಾಗಿ ಮೊತ್ತದ ಶೇಕಡ 10ರಷ್ಟು ತೆಗೆದುಕೊಳ್ಳುತ್ತಾರೆ, ಅದು ವಾಪಸ್ ಬರುವುದಿಲ್ಲ. ದುಡ್ಡು ಕಟ್ಟುವ ಮೊದಲು ವಕೀಲರನ್ನು ಕೇಳಬೇಕು. ಅವನು ಜೈಲಿನಿಂದ ಫೋನ್ ಮಾಡಿದರೆ ಏನಾಯಿತು ಅಂತ ಕೇಳಬೇಡ. ಆ ಫೋನ್ ರೆಕಾರ್ಡ್ ಆಗುತ್ತದೆ, ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಮಾತಾಡಿದರೂ ಅನುವಾದ ಮಾಡಿಸುತ್ತಾರೆ. 'ವಕೀಲರು ಬರುತ್ತಾರೆ, ಅಲ್ಲಿಯವರೆಗೆ ಏನೂ ಹೇಳಬೇಡ' ಅಂದರೆ ಸಾಕು. ಇಲ್ಲಿನ ಇಬ್ಬರು ವಕೀಲರ ನಂಬರ್ ನಿನಗೆ ಬೇರೆಯಾಗಿ ಕಳಿಸಿದ್ದೇನೆ, ಒಬ್ಬರು ಕ್ರಿಮಿನಲ್, ಒಬ್ಬರು ವಲಸೆ. ಇವತ್ತೇ ಫೋನ್ ಮಾಡು.